ಆ ಇಬ್ಬರು ಕಳ್ಳರೇ?

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದಾಗ ಕಾಂಗ್ರೆಸ್ ಬಾವುಟ ಹಾರಿಸುವುದೇ ಅಪರಾಧವಾಗಿತ್ತು. ನಿಷೇಧಾಜ್ಞೆ ಮೀರಿ ಬಾವುಟ ಏರಿಸಿದ ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರನ್ನು ಪೊಲೀಸರು ಬಂಧಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಜನರ ಮೇಲೆ ಗುಂಡು ಹಾರಿತು. ಆಮೇಲೆ ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಸರ್ದಾರ್ ಪಟೇಲರಿಗೂ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಆ ಬಾವುಟವೂ ಹಾರಬಹುದೆಂದಾಯಿತು. ಬಟ್ಟೆ ಅದೇ, ಬಣ್ಣ ಅದೇ; ಅಪರಾಧ ಮಾತ್ರ ತಿಂಗಳೊಪ್ಪತ್ತಿನಲ್ಲಿ ಮಾಯ. ಯೇಸುವಿನ ಎಡಬಲಕ್ಕೆ ಶಿಲುಬೆಗೇರಿದ ಇಬ್ಬರನ್ನು ನಾವು ಸಲೀಸಾಗಿ ‘ಕಳ್ಳರು’ ಎನ್ನುವಾಗ ಈ ಶಿವಪುರದ ಪಾಠ ನೆನಪಿಗೆ ಬರಬೇಕು.

ಮಾರ್ಕ ಮತ್ತು ಮತ್ತಾಯರ ಗ್ರೀಕ್ ಮೂಲದಲ್ಲಿ ಆ ಇಬ್ಬರಿಗಿರುವ ಹೆಸರು ‘ಲೇಸ್ತೈ’. ಮನೆಗೆ ಕನ್ನ ಹಾಕುವವನಿಗೆ ಗ್ರೀಕಿನಲ್ಲಿ ‘ಕ್ಲೆಪ್ತೇಸ್’ ಎಂಬ ಬೇರೆಯೇ ಪದವಿದೆ. ಲೇಸ್ತೇಸ್ ಎಂದರೆ ಆಯುಧ ಹಿಡಿದ ದರೋಡೆಕೋರ; ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ರೋಮಿನ ವಿರುದ್ಧ ದಂಗೆಯೆದ್ದವರನ್ನೂ ಹೀಗೇ ಕರೆಯುತ್ತಾನೆ. ರೋಮನ್ನರು ಶಿಲುಬೆಯನ್ನು ಹೆಚ್ಚಾಗಿ ಮೀಸಲಿಟ್ಟಿದ್ದು ಗುಲಾಮರಿಗೆ ಮತ್ತು ಬಂಡುಕೋರರಿಗೆ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ದಂಗೆ ಮುರಿದುಬಿದ್ದಾಗ ಕಾಪುವಾದಿಂದ ರೋಮಿನವರೆಗೆ ರಸ್ತೆಯುದ್ದಕ್ಕೂ ಆರು ಸಾವಿರ ಜನರನ್ನು ನೇತುಹಾಕಿದರು. ಹೆರೋದ ಸತ್ತ ಮೇಲೆ ಯೂದಾಯದಲ್ಲಿ ಎದ್ದ ಗಲಭೆಗೆ ವಾರಸ್ ಎಂಬ ಅಧಿಕಾರಿ ಎರಡು ಸಾವಿರ ಜನರನ್ನು. ದಾರಿಹೋಕರು ನೋಡಲೆಂದೇ ಇದ್ದ ಶಿಕ್ಷೆ ಅದು. 1968ರಲ್ಲಿ ಜೆರುಸಲೇಮಿನ ಗೋರಿಯೊಂದರಲ್ಲಿ ಯೆಹೋಹನಾನ್ ಎಂಬವನ ಹಿಮ್ಮಡಿ ಮೂಳೆ ಸಿಕ್ಕಿತು. ಮೂಳೆಯೊಳಗೆ ಕಬ್ಬಿಣದ ಮೊಳೆ ಹಾಗೇ ಇತ್ತು. ತುದಿ ಬಾಗಿತ್ತು, ಮರದ ಚೂರೂ ಅಂಟಿಕೊಂಡಿತ್ತು. ಬಹುಶಃ ಕೀಳಲು ಬಾರದೆ ಮೊಳೆಸಮೇತ ಹೂಳಿದ್ದಾರೆ. ಅವನ ಅಪರಾಧವೇನೆಂದು ಮೂಳೆ ಹೇಳುವುದಿಲ್ಲ.

ಹಾದಿಯಲ್ಲಿ ಸುಲಿಗೆ ಮಾಡಿದವರನ್ನೂ ರೋಮ್ ಶಿಲುಬೆಗೇರಿಸುತ್ತಿತ್ತಲ್ಲ ಎಂದು ಕೇಳಬಹುದು. ನಿಜ. ಆದರೆ ನಡುವಿನ ಶಿಲುಬೆಯ ಮೇಲಿದ್ದ ಹಲಗೆ ನೋಡಿ: ‘ಯೆಹೂದ್ಯರ ಅರಸ’ ಎಂಬ ಆ ಆರೋಪ ಅಪ್ಪಟ ರಾಜದ್ರೋಹದ್ದು. ಅದೇ ದಿನ ಬಿಡುಗಡೆಯಾದ ಬರಬ್ಬನು ದಂಗೆಯಲ್ಲಿ ಕೊಲೆ ಮಾಡಿದವರ ಜೊತೆ ಸೆರೆಯಲ್ಲಿದ್ದನೆಂದು ಮಾರ್ಕ ಹೇಳುತ್ತಾನೆ. ಯೋಹಾನ ಅವನನ್ನೇ ‘ಲೇಸ್ತೇಸ್’ ಎನ್ನುತ್ತಾನೆ. ಆ ಇಬ್ಬರೂ ಅದೇ ಗುಂಪಿನವರೆಂದು ಸಾಧಿಸಲಾಗದು, ಆದರೂ ಕಿಸೆಗಳ್ಳರೆನ್ನುವುದಕ್ಕಿಂತ ಈ ಊಹೆಗೆ ಬಲ ಹೆಚ್ಚು. ಲೂಕನಲ್ಲಿ ಒಬ್ಬ ತನಗೆ ತಕ್ಕ ಶಿಕ್ಷೆಯೇ ಆಗಿದೆಯೆಂದು ಒಪ್ಪಿಕೊಳ್ಳುತ್ತಾನೆ ಎಂಬುದು ಇನ್ನೂ ಗಟ್ಟಿ ಆಕ್ಷೇಪ. ಆದರೆ ಲೂಕ ‘ಲೇಸ್ತೈ’ಯನ್ನೇ ಬಿಟ್ಟು ‘ಕೆಡುಕು ಮಾಡಿದವರು’ ಎಂಬ ಮೊಂಡು ಪದ ಹಾಕಿದ್ದಾನೆ. ರೋಮನ್ ಓದುಗರ ಮುಂದೆ ಯೇಸುವನ್ನು ಬಂಡಾಯದಿಂದ ದೂರವಿಡುವ ಎಚ್ಚರಿಕೆ ಅದರಲ್ಲಿದೆಯೆಂದು ನನ್ನ ಅನಿಸಿಕೆ.

ಅಹಿಂಸೆಯ ಶಿವಪುರವನ್ನು ಕತ್ತಿ ಹಿಡಿದವರ ಪಕ್ಕ ನಿಲ್ಲಿಸುವುದು ತಪ್ಪೆಂದರೆ ಒಪ್ಪುತ್ತೇನೆ. ಸರಿಯಾದ ಜೋಡಿ ಈಸೂರು. 1942ರಲ್ಲಿ ಅಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಜನರ ಕೈಯಲ್ಲಿ ಸತ್ತರು, ಕೊಲೆ ಕೊಲೆಯೇ. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ನಾಲ್ಕು ವರ್ಷ ಕಳೆದು ಸ್ವಾತಂತ್ರ್ಯ ಬಂತು, ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಹುತಾತ್ಮರಾದರು. ಯೂದಾಯದಲ್ಲಿ ದಂಗೆ ಗೆಲ್ಲಲಿಲ್ಲ, ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯವೇ ಉರಿದುಹೋಯಿತು. ಶಿಲುಬೆಯ ಮೇಲಿನ ಆ ಇಬ್ಬರ ಹೆಸರನ್ನು ನಾಲ್ಕು ಸುವಾರ್ತೆಗಳಲ್ಲಿ ಒಂದೂ ಬರೆದಿಡಲಿಲ್ಲ. ದಿಸ್ಮಾಸ್, ಗೆಸ್ತಾಸ್ ಎಂಬವು ಎಷ್ಟೋ ಕಾಲದ ನಂತರ ಭಕ್ತರು ಇಟ್ಟುಕೊಂಡ ಹೆಸರುಗಳು.