ಹಾಪ್ ಹೆಚ್ಚಿದಷ್ಟೂ ವೇಗ ಕಡಿಮೆ: ಪೊವಾಯಿ ಹಾಕಿದ ಲೆಕ್ಕಗಳು

ಟವರ್‌ನಿಂದ ಫೋನಿಗೆ ನೇರವಾಗಿ ಬರುವ ಸಂಕೇತದ್ದು ಒಂದೇ ಹಾಪ್. ನಡುವಿನ ರೇಡಿಯೊಗಳು ಪ್ಯಾಕೆಟ್ಟನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದರೆ ಅದು ಬಹು-ಹಾಪ್ ಜಾಲ. ಅಂಥ ಜಾಲ ಎಷ್ಟು ಭಾರ ಹೊರಬಲ್ಲದು ಎಂಬ ಪ್ರಶ್ನೆಗೆ ಅರ್ಧ ಶತಮಾನ ದಾಟಿದೆ. ಉತ್ತರ ಹುಡುಕಿದವರಲ್ಲಿ ಪೊವಾಯಿಯ ಐಐಟಿ ಬಾಂಬೆಯವರೂ ಇದ್ದಾರೆ.

ಆರಂಭ ಹವಾಯಿಯ ಅಲೋಹಾ ಜಾಲದಿಂದ. ಮನಬಂದಾಗ ಕಳಿಸುವ ಆ ಪದ್ಧತಿಯಲ್ಲಿ ಚಾನೆಲ್‌ನ ಗರಿಷ್ಠ ಬಳಕೆ ಶೇ. 18.4 ಮಾತ್ರ. ಮೊದಲು ಕೇಳಿಸಿಕೊಂಡು ಆಮೇಲೆ ಕಳಿಸುವುದು ಎಷ್ಟೋ ಮೇಲೆಂದು 1975ರಲ್ಲಿ ಕ್ಲೈನ್‌ರಾಕ್ ಮತ್ತು ಟೊಬಾಗಿ ತೋರಿಸಿದರು. ಜೊತೆಗೇ ಅದರ ತೊಡಕನ್ನೂ ಹೇಳಿದರು: ಪರಸ್ಪರ ಕೇಳಿಸದ ಎರಡು ರೇಡಿಯೊಗಳು ನಡುವಿನ ಮೂರನೆಯದಕ್ಕೆ ಒಟ್ಟಿಗೆ ಕಳಿಸಿದರೆ ಎರಡೂ ಕೆಡುತ್ತವೆ. ಬಹು-ಹಾಪ್ ಜಾಲವನ್ನು ಇಂದಿಗೂ ಕಾಡುವುದು ಇದೇ.

2000ರಲ್ಲಿ ಗುಪ್ತಾ ಮತ್ತು ಪಿ.ಆರ್. ಕುಮಾರ್ ಕೊಟ್ಟ ಫಲಿತಾಂಶ ಉತ್ಸಾಹಕ್ಕೆ ತಣ್ಣೀರೆರಚಿತು. ಅದೇ ಜಾಗದಲ್ಲಿ ನೋಡ್‌ಗಳು, ಅಂದರೆ ಜಾಲದ ರೇಡಿಯೊಗಳು, ನಾಲ್ಕು ಪಟ್ಟಾದರೆ ಪ್ರತಿಯೊಂದರ ಪಾಲು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಮರುವರ್ಷ ಎಂಐಟಿ ತಂಡ ಸರಪಳಿಯಂತೆ ಜೋಡಿಸಿದ ನೋಡ್‌ಗಳನ್ನು ಪರಿಶೀಲಿಸಿತು. ಅಕ್ಕಪಕ್ಕದ ಹಾಪ್‌ಗಳು ಏಕಕಾಲಕ್ಕೆ ಕೆಲಸ ಮಾಡಲಾಗದ ಕಾರಣ, ಆದರ್ಶ ಸ್ಥಿತಿಯಲ್ಲೂ ವೇಗ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ವೈ-ಫೈ ನಿಯಮಗಳ ಸಿಮ್ಯುಲೇಶನ್‌ನಲ್ಲಿ ದಕ್ಕಿದ್ದು ಏಳನೇ ಒಂದು.

ಗುಪ್ತಾ-ಕುಮಾರ್ ಸೂತ್ರ ಅಸಂಖ್ಯ ನೋಡ್‌ಗಳಿಗೆ ಹೇಳಿದ್ದು. ಹಳ್ಳಿಯಲ್ಲೋ ಹಳಿಯ ಪಕ್ಕದಲ್ಲೋ ಇರುವುದು ಹತ್ತಿಪ್ಪತ್ತು. ಐಐಟಿ ಬಾಂಬೆಯ ಮಾಧವ ದೇಸಾಯಿ ಮತ್ತು ಡಿ. ಮಂಜುನಾಥ್ 2002ರಲ್ಲಿ ಕೈಗೆತ್ತಿಕೊಂಡದ್ದು ಈ ಸಣ್ಣ ಸಂಖ್ಯೆಯನ್ನೇ. ಒಂದು ಗೆರೆಯ ಮೇಲೆ ಎಲ್ಲೆಂದರಲ್ಲಿ ಚದುರಿದ ಇಂತಿಷ್ಟು ನೋಡ್‌ಗಳು ಕಡಿಯದೆ ಕೂಡಿಕೊಳ್ಳುವ ಸಂಭವನೀಯತೆಗೆ ಅವರು ನಿಖರ ಸೂತ್ರ ಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ಮತ್ತು ಜಾಯ್ ಕುರಿ ಅವರೊಂದಿಗೆ ಮಂಜುನಾಥ್ ಬರೆದ ‘ವೈರ್‌ಲೆಸ್ ನೆಟ್‌ವರ್ಕಿಂಗ್’ ಪುಸ್ತಕ 2008ರಲ್ಲಿ ಬಂತು.

ಇನ್ನೊಂದು ಧಾರೆ ಬಯಲಿನದು. ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು ಐಐಟಿ ಕಾನ್ಪುರದಲ್ಲಿದ್ದಾಗ, ಹಳ್ಳಿಗಳ ದೂರದ ವೈ-ಫೈ ಕೊಂಡಿಗಳಿಗಾಗಿ 2005ರಲ್ಲಿ ‘2ಪಿ’ ರೂಪಿಸಿದರು: ಒಂದು ಗೋಪುರದ ಆಂಟೆನಾಗಳೆಲ್ಲ ಒಟ್ಟಿಗೇ ಕಳಿಸಬೇಕು, ಒಟ್ಟಿಗೇ ಪಡೆಯಬೇಕು. ಪೊವಾಯಿಗೆ ಬಂದ ಮೇಲೆ, 2010ರಲ್ಲಿ, ಅವರ ತಂಡದ ‘ಪಿಪ್’ ಸರದಿಯ ಸಮಯ ಮತ್ತು ಬೇರೆ ಬೇರೆ ಚಾನೆಲ್‌ಗಳನ್ನು ಹಂಚಿ ಸರಪಳಿಯ ನಷ್ಟವನ್ನೇ ತಗ್ಗಿಸಿತು. ರೇಡಿಯೊ ಒಂದು ಸರದಿ ಪಡೆದು ಮರುಸರದಿ ಕಳಿಸಿದರೆ, ತತ್ತ್ವಶಃ ಅರ್ಧ ವೇಗ ಉಳಿಯುತ್ತದೆ.

ಮುಂಬೈನ ಉತ್ತರಕ್ಕಿರುವ ಪಾಲ್ಘರ್‌ನಲ್ಲಿ, ಆಗ ಐಐಟಿ ಬಾಂಬೆಯಲ್ಲಿದ್ದ ಅಭಯ್ ಕರಂದೀಕರ್ ಅವರ ‘ಗ್ರಾಮ ಮಾರ್ಗ’ ತಂಡ ಬೇರೆ ದಾರಿ ಹಿಡಿಯಿತು. ಖಾಲಿ ಬಿದ್ದ ಟಿವಿ ತರಂಗಾಂತರಗಳು ಮರಗಿಡಗಳ ನಡುವೆಯೂ ದೂರ ಸಾಗುತ್ತವೆ. ಖಾಮ್ಲೋಲಿ ಸುತ್ತಲಿನ ಏಳು ಹಳ್ಳಿಗಳನ್ನು ಅವುಗಳಿಂದ ಬೆಸೆದು, ಊರೊಳಗೆ ವೈ-ಫೈ ಹಂಚಿದರು. ಈ ಯೋಜನೆಗೆ 2017ರಲ್ಲಿ ಮೊಝಿಲ್ಲಾದ ಬಹುಮಾನ ಸಂದಿತು.

ಗೆರೆಯ ಸೂತ್ರ, ಸರದಿಯ ನಿಯಮ, ಉದ್ದನೆಯ ಹಾಪ್ — ಮೂರೂ ಎತ್ತಿಹಿಡಿಯುವ ಮಾತು ಒಂದೇ: ಜಾಲದ ಸಾಮರ್ಥ್ಯವನ್ನು ಅದರ ಗಾತ್ರ ಮತ್ತು ನೆಲದಿಂದ ಬೇರ್ಪಡಿಸಿ ಅಳೆಯಲಾಗದು. ಹಾಪ್ ಎಷ್ಟು, ಚಾನೆಲ್ ಎಷ್ಟು, ಒಟ್ಟಿಗೇ ಕಳಿಸುವವರೆಷ್ಟು ಎಂಬುದನ್ನು ಹೇಳದ ಮೆಗಾಬಿಟ್ ಲೆಕ್ಕ ಜಾಹೀರಾತಿಗೆ ಸಾಕು, ಜಾಲ ಕಟ್ಟುವವರಿಗೆ ಸಾಲದು.