ಅಂತಿಯೋಕ್ಯದ ಪಂಕ್ತಿ

ಕ್ರೈಸ್ತರ ಪ್ರಾರ್ಥನಾಮಂದಿರವನ್ನು ನಮ್ಮ ಕರಾವಳಿಯಲ್ಲಿ ಇಗರ್ಜಿ ಎನ್ನುವುದುಂಟು. ಪೋರ್ಚುಗೀಸರ ಜೊತೆ ಬಂದ ಮಾತು ಅದು. ಅದರ ಬೇರು ಗ್ರೀಕ್ ಭಾಷೆಯ 'ಎಕ್ಲೇಸಿಯ' ಎಂಬ ಪದದಲ್ಲಿದೆ. ಆ ಪದಕ್ಕೆ ಮೊದಲಲ್ಲಿ ಕಟ್ಟಡವೆಂಬ ಅರ್ಥವೇ ಇರಲಿಲ್ಲ. ಕರೆ ಬಂದಾಗ ಒಂದೆಡೆ ನೆರೆಯುವ ಪೌರರ ಕೂಟಕ್ಕೆ ಆ ಹೆಸರು. ಕನ್ನಡ ಬೈಬಲ್ಲಿನಲ್ಲಿ ಅದನ್ನು 'ಸಭೆ' ಎಂದು ಕರೆದಿರುವುದು ಬಹಳ ಉಚಿತವಾಗಿದೆ. ಆದಿಯ ಕ್ರೈಸ್ತ ಸಭೆಗೆ ಗೋಪುರವಿರಲಿಲ್ಲ, ಗಂಟೆಯಿರಲಿಲ್ಲ. ಯಾರೋ ಒಬ್ಬ ವಿಶ್ವಾಸಿಯ ಮನೆ, ಆ ಮನೆಯ ಊಟದ ಕೋಣೆ, ಮುರಿದು ಹಂಚಿಕೊಳ್ಳುವ ರೊಟ್ಟಿ, ಇಷ್ಟು ಅದರ ಸಂಪತ್ತು. ಆದುದರಿಂದಲೇ ಅದನ್ನು ಮೊಟ್ಟಮೊದಲು ಅಲುಗಿಸಿದ ದೊಡ್ಡ ಪ್ರಶ್ನೆಯೂ ಊಟದ ಪ್ರಶ್ನೆಯೇ ಆಯಿತು: ಯಾರ ಜೊತೆ ಯಾರು ಕುಳಿತು ಉಣ್ಣಬಹುದು? ನನಗೆ ದೊರೆತಿರುವ ಈ ಕೆಲವು ನಿಮಿಷಗಳಲ್ಲಿ ಆ ಒಂದು ಪ್ರಶ್ನೆಯ ಬೆನ್ನು ಹಿಡಿದು ಹೋಗುವುದಷ್ಟೇ ನನ್ನ ಉದ್ದೇಶ.

ಯೇಸು ಶಿಲುಬೆಗೇರಿದುದು ಸುಮಾರು ಕ್ರಿ.ಶ. 30ರಲ್ಲಿ, ಪೊಂತ್ಯ ಪಿಲಾತನು ಯೂದಾಯದ ಅಧಿಪತಿಯಾಗಿದ್ದ ಕಾಲದಲ್ಲಿ. ಸುಂಕದವರೊಡನೆಯೂ ಪಾಪಿಗಳೆನಿಸಿಕೊಂಡವರೊಡನೆಯೂ ಕುಳಿತು ಉಣ್ಣುತ್ತಾನೆಂಬ ಆಕ್ಷೇಪಣೆಯನ್ನು ಆತನು ಬದುಕಿದ್ದಾಗಲೇ ಹೊತ್ತಿದ್ದನೆಂದು ಸುವಾರ್ತೆಗಳು ಹೇಳುತ್ತವೆ. ಆತನು ಯೆಹೂದ್ಯ, ಆತನ ಮೊದಲ ಶಿಷ್ಯರೂ ಯೆಹೂದ್ಯರೇ. ಆತನು ಮರಣದಿಂದ ಎದ್ದನೆಂದೂ ಆತನೇ ಬರಬೇಕಾಗಿದ್ದ ಮೆಸ್ಸೀಯನೆಂದೂ ನಂಬಿದ ಅವರು, ಯೆರೂಸಲೇಮಿನ ದೇವಾಲಯಕ್ಕೆ ಹೋಗುವುದನ್ನು ಬಿಡಲಿಲ್ಲ. ತಾವು ಹೊಸದೊಂದು ಮತವನ್ನು ಸ್ಥಾಪಿಸುತ್ತಿದ್ದೇವೆಂಬ ಕಲ್ಪನೆ ಅವರಿಗೆ ಇದ್ದಂತೆ ತೋರುವುದಿಲ್ಲ.

ಈ ನಂಬಿಕೆ ಯೆಹೂದ್ಯರ ಮನೆಯ ಹೊಸ್ತಿಲನ್ನು ದಾಟಿ ಬಲವಾಗಿ ಬೇರುಬಿಟ್ಟುದು ಸಿರಿಯದ ಅಂತಿಯೋಕ್ಯ ನಗರದಲ್ಲಿ. ಕ್ರಿ.ಪೂ. 300ರ ಸುಮಾರಿಗೆ ಸೆಲ್ಯೂಕಸ್ ರಾಜನು ಕಟ್ಟಿಸಿದ ಊರು ಅದು. ಈಗ ತುರ್ಕಿ ದೇಶದಲ್ಲಿರುವ ಅಂತಾಕ್ಯ. ರೋಮನ್ ಸಾಮ್ರಾಜ್ಯದ ಅತಿ ದೊಡ್ಡ ನಗರಗಳಲ್ಲಿ ಒಂದಾಗಿದ್ದ ಅಲ್ಲಿ ಗ್ರೀಕರು, ಸಿರಿಯನರು, ಯೆಹೂದ್ಯರು ಒಟ್ಟಿಗೆ ನೆಲೆಸಿದ್ದರು. ಯೆರೂಸಲೇಮಿನಿಂದ ಚದರಿ ಬಂದ ಶಿಷ್ಯರಲ್ಲಿ ಕೆಲವರು ಇಲ್ಲಿ ಯೆಹೂದ್ಯರಲ್ಲದವರಿಗೂ ಯೇಸುವಿನ ವಿಷಯವನ್ನು ಸಾರಿದರು. 'ಕ್ರೈಸ್ತರು' ಎಂಬ ಹೆಸರು ಮೊದಲು ಬಿದ್ದುದು ಇಲ್ಲಿಯೇ ಎಂದು 'ಅಪೊಸ್ತಲರ ಕೃತ್ಯಗಳು' ದಾಖಲಿಸಿದೆ. ಎರಡು ಬಗೆಯ ಜನ ಒಂದೇ ಮನೆಯಲ್ಲಿ ಸೇರಿ ಉಣ್ಣತೊಡಗಿದರು.

ಇದರಲ್ಲಿ ಏನು ವಿಶೇಷ ಎಂದು ಹೊರಗಿನವರು ಕೇಳಿಯಾರು. ಪಂಕ್ತಿಭೇದವೆಂಬ ಮಾತನ್ನು ಬಲ್ಲ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಎರಡನ್ನೂ ಒಂದೇ ಎಂದು ತಿಳಿಯುವುದು ಸರಿಯಲ್ಲ. ಯೆಹೂದ್ಯರ ಆಹಾರನಿಯಮ ಮೇಲುಕೀಳಿನ ಲೆಕ್ಕದಿಂದ ಹುಟ್ಟಿದುದಲ್ಲ; ಅದು ದೇವರೊಡನೆ ತಮ್ಮ ಜನಾಂಗ ಮಾಡಿಕೊಂಡ ಒಡಂಬಡಿಕೆಯ ಗುರುತು. ಆ ಗುರುತಿಗಾಗಿ ಅವರು ರಕ್ತ ತೆತ್ತಿದ್ದರು. ಕ್ರಿ.ಪೂ. 167ರ ಸುಮಾರಿಗೆ ನಾಲ್ಕನೆಯ ಅಂತಿಯೋಕಸನೆಂಬ ರಾಜನು ಅವರ ಧರ್ಮಾಚರಣೆಯನ್ನು ನಿಷೇಧಿಸಿದಾಗ, ನಿಷಿದ್ಧ ಮಾಂಸವನ್ನು ತಿನ್ನುವುದಕ್ಕಿಂತ ಸಾಯುವುದೇ ಲೇಸೆಂದು ಸತ್ತವರ ನೆನಪು ಅವರಲ್ಲಿ ಹಸುರಾಗಿತ್ತು. ಆ ರಾಜನ ರಾಜಧಾನಿ ಇದೇ ಅಂತಿಯೋಕ್ಯ. ಅಜ್ಜಂದಿರು ಪ್ರಾಣಕೊಟ್ಟು ಕಾಯ್ದ ಗೆರೆಯನ್ನು ಅದೇ ನಗರದಲ್ಲಿ ಮೊಮ್ಮಕ್ಕಳು ಒಂದು ಊಟಕ್ಕಾಗಿ ದಾಟುವುದೆಂದರೆ ಮನಸ್ಸು ಹಿಂಜರಿಯುವುದು ಸಹಜ. ಹಿಂಜರಿದವರನ್ನು ಸಂಕುಚಿತ ಬುದ್ಧಿಯವರೆಂದು ಜರೆಯುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಕ್ರಿ.ಶ. 48-49ರ ಹೊತ್ತಿಗೆ ಈ ವಿಷಯ ಯೆರೂಸಲೇಮಿನ ಹಿರಿಯರ ಮುಂದೆ ಬಂದಿತು. ಅನ್ಯಜನರು ಯೇಸುವನ್ನು ನಂಬಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾಗಬೇಕೆ? ಪೌಲನು ಬಾರ್ನಬನನ್ನೂ ಗ್ರೀಕನಾದ ತೀತನನ್ನೂ ಕರೆದುಕೊಂಡು ಅಲ್ಲಿಗೆ ಹೋದನು. ತೀತನಿಗೆ ಸುನ್ನತಿಯ ಬಲವಂತವಾಗಲಿಲ್ಲ. ಯೇಸುವಿನ ಸಹೋದರನಾದ ಯಾಕೋಬ, ಪೇತ್ರ, ಯೋಹಾನ ಈ ಮೂವರೂ ಕೈಗೆ ಕೈ ಕೊಟ್ಟು, ಬಡವರನ್ನು ಮರೆಯಬೇಡಿರೆಂದು ಮಾತ್ರ ಕೇಳಿಕೊಂಡರೆಂದು ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಿಳಿಸುತ್ತಾನೆ. 'ಕೃತ್ಯಗಳು' ಗ್ರಂಥ ಹೇಳುವ ರೀತಿ ಸ್ವಲ್ಪ ಬೇರೆ. ಅದರ ಪ್ರಕಾರ ಅನ್ಯಜನರಿಗೆ ನಾಲ್ಕು ನಿಯಮಗಳನ್ನು ವಿಧಿಸಲಾಯಿತು. ಆ ನಾಲ್ಕರಲ್ಲಿ ಮೂರು, ವಿಗ್ರಹಗಳಿಗೆ ಅರ್ಪಿಸಿದ ಪದಾರ್ಥ, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿ, ಊಟಕ್ಕೇ ಸಂಬಂಧಿಸಿದವು.

ಒಪ್ಪಂದವೇನೋ ಆಯಿತು. ಆದರೆ ತೀರ್ಮಾನ ಬೇರೆ, ಎಲೆಯ ಮುಂದೆ ಕೂರುವುದು ಬೇರೆ. ಮುಂದೆ ಪೇತ್ರನು ಅಂತಿಯೋಕ್ಯಕ್ಕೆ ಬಂದಾಗ ಮೊದಮೊದಲು ಅನ್ಯಜನರ ಜೊತೆ ಕುಳಿತು ಊಟಮಾಡುತ್ತಿದ್ದನು. ಯಾಕೋಬನ ಕಡೆಯವರು ಯೆರೂಸಲೇಮಿನಿಂದ ಬಂದೊಡನೆ ಹಿಂದೆ ಸರಿದನು. ಉಳಿದ ಯೆಹೂದ್ಯ ವಿಶ್ವಾಸಿಗಳೂ ಅವನನ್ನು ಅನುಸರಿಸಿದರು. ಪೌಲನ ಸಂಗಡಿಗನಾಗಿದ್ದ ಬಾರ್ನಬನೂ ಅವರ ಕಡೆಗೆ ವಾಲಿದನು. ಪೌಲನು ಎಲ್ಲರ ಎದುರಿಗೇ ಪೇತ್ರನನ್ನು ತಡೆದು ಕೇಳಿದನು. ಮನುಷ್ಯನನ್ನು ನೀತಿವಂತನನ್ನಾಗಿ ಮಾಡುವುದು ನಿಯಮಪಾಲನೆಯಲ್ಲ, ನಂಬಿಕೆ ಎಂಬ ಪೌಲನ ಪ್ರಸಿದ್ಧ ಸಿದ್ಧಾಂತ ಪತ್ರದಲ್ಲಿ ಕಾಣಿಸಿಕೊಳ್ಳುವುದು ಈ ಜಗಳದ ವರ್ಣನೆಯ ಬೆನ್ನಿಗೇ. ಹದಿನಾರನೆಯ ಶತಮಾನದಲ್ಲಿ ಯೂರೋಪನ್ನು ಇಬ್ಭಾಗ ಮಾಡಿದ ಒಂದು ತತ್ತ್ವ ಊಟದ ಸ್ಥಳದಿಂದ ಎದ್ದುಹೋದವರನ್ನು ಕುರಿತ ಮಾತಿಗೆ ಅಂಟಿಕೊಂಡೇ ನಮಗೆ ದೊರೆಯುತ್ತದೆ ಎಂಬುದು ಗಮನಾರ್ಹ.

ಆ ದಿನ ಗೆದ್ದವರು ಯಾರು? ಪೌಲನು ಹೇಳುವುದಿಲ್ಲ. ಪೇತ್ರನು ಒಪ್ಪಿಕೊಂಡಿದ್ದರೆ ಅದನ್ನು ಬರೆಯದೆ ಬಿಡುವ ಸ್ವಭಾವ ಪೌಲನದಲ್ಲ. 'ಕೃತ್ಯಗಳು' ಗ್ರಂಥದಲ್ಲಿ ಈ ಘಟನೆಯ ಸುಳಿವೇ ಇಲ್ಲ. ಪೌಲನೂ ಬಾರ್ನಬನೂ ಅಗಲಿದರೆಂಬುದು ಇದೆ, ಆದರೆ ಅಲ್ಲಿ ಕೊಟ್ಟಿರುವ ಕಾರಣ ಬೇರೆ. ಈ ಮೌನಗಳನ್ನು ಕೂಡಿಸಿ ನೋಡಿದರೆ ಅಂತಿಯೋಕ್ಯದಲ್ಲಿ ಅಂದು ಸೋತವನು ಪೌಲನೇ ಎಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ. ಆ ಊಹೆ ನನಗೂ ಒಪ್ಪಿಗೆ.

ಪಂಕ್ತಿಯನ್ನು ಒಡೆಯಲು ಕುಲವೇ ಬೇಕೆಂದಿಲ್ಲ, ಹಣವೂ ಸಾಕು ಎಂಬುದಕ್ಕೆ ಗ್ರೀಸಿನ ಕೊರಿಂಥ ಸಾಕ್ಷಿ. ಸುಮಾರು 54ರಲ್ಲಿ ಎಫೆಸದಿಂದ ಅಲ್ಲಿಯ ಸಭೆಗೆ ಬರೆದ ಪತ್ರದಲ್ಲಿ ಪೌಲನು ಸಿಟ್ಟಾಗಿದ್ದಾನೆ. ಪ್ರಭುಭೋಜನವೆಂದು ಕೂಡಿದವರಲ್ಲಿ ಕೆಲವರು ತಾವು ತಂದುದನ್ನು ತಾವೇ ಮುಂಚೆ ತಿಂದು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ನಿಂತಿರುತ್ತಿದ್ದರು. ಅಂದಿನ ಸಿರಿವಂತರ ಮನೆಯ ಊಟದ ಕೋಣೆಯಲ್ಲಿ ಸಾಮಾನ್ಯವಾಗಿ ಒಂಬತ್ತು ಮಂದಿ ಒರಗಿ ಉಣ್ಣಲು ಎಡೆಯಿರುತ್ತಿತ್ತು. ಉಳಿದವರಿಗೆ ಅಂಗಳ. ಕೆಲಸ ಮುಗಿಸಿ ತಡವಾಗಿ ಬರುವ ದಾಸನಿಗೂ ಕೂಲಿಯವನಿಗೂ ಏನು ಉಳಿದಿರುತ್ತಿತ್ತೆಂಬುದನ್ನು ನಾವು ಊಹಿಸಬಹುದು. ಯೇಸುವಿನ ಕಡೆಯ ಭೋಜನದ ಅತ್ಯಂತ ಹಳೆಯ ಲಿಖಿತ ವೃತ್ತಾಂತ ನಮಗೆ ಸಿಗುವುದು ಈ ಪತ್ರದಲ್ಲಿ. ಸುವಾರ್ತೆಗಳು ಬರೆಯಲ್ಪಟ್ಟುದು ಅದಾದ ಮೇಲೆ. ಹಸಿದವನ ಪಕ್ಷವಾಗಿ ವಾದಿಸುವಾಗ ಪೌಲನು ಅದನ್ನು ನೆನಪಿಸುತ್ತಾನೆ.

ಇನ್ನು ಹೊರಗಿನವರ ಕಣ್ಣಿಗೆ ಈ ಊಟ ಹೇಗೆ ಕಂಡಿತು? ಕಪ್ಪು ಸಮುದ್ರದ ದಕ್ಷಿಣ ತೀರದ ಬಿಥೂನ್ಯ-ಪೊಂತ ಪ್ರಾಂತದ ಅಧಿಪತಿ ಪ್ಲಿನಿ ಸುಮಾರು 112ರಲ್ಲಿ ಚಕ್ರವರ್ತಿ ಟ್ರಾಜನನಿಗೆ ಒಂದು ಪತ್ರ ಬರೆದನು. ಕೂಟಗಳೆಂದರೆ ಚಕ್ರವರ್ತಿಗೆ ಎಷ್ಟು ಸಂಶಯವೆಂದರೆ, ನಿಕೊಮೀಡಿಯದಲ್ಲಿ ಬೆಂಕಿ ಆರಿಸಲು 150 ಮಂದಿಯ ತಂಡ ಕಟ್ಟುವೆನೆಂದು ಪ್ಲಿನಿ ಕೇಳಿದಾಗ ಅದಕ್ಕೂ ಅನುಮತಿ ಕೊಟ್ಟಿರಲಿಲ್ಲ. ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮುನ್ನ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸುತ್ತಾರೆ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಮಾತಿಗೆ ತಪ್ಪುವುದಿಲ್ಲವೆಂದು ಆಣೆಯಿಡುತ್ತಾರೆ, ಮತ್ತೆ ಸೇರಿ ಊಟಮಾಡುತ್ತಾರೆ, ಆ ಊಟ ಸಾಧಾರಣವಾದುದು, ದೋಷವಿಲ್ಲದ್ದು ಎಂದು ವಿಚಾರಣೆಗೆ ಒಳಗಾದವರು ತಿಳಿಸಿದರಂತೆ. ಪ್ಲಿನಿ ಕೂಟಗಳನ್ನು ನಿಷೇಧಿಸಿದ ಮೇಲೆ ಆ ಊಟವನ್ನೂ ನಿಲ್ಲಿಸಿದೆವೆಂದರಂತೆ. ಊಟ ಹೇಗಿತ್ತೆಂದು ಹೇಳಬೇಕಾಗಿ ಬಂದುದೇಕೆ? ಕ್ರೈಸ್ತರು ಗುಟ್ಟಾಗಿ ನರಮಾಂಸ ತಿನ್ನುತ್ತಾರೆಂಬ ಅಪವಾದ ಮುಂದೆ ಆ ಶತಮಾನದುದ್ದಕ್ಕೂ ಅವರ ಬೆನ್ನು ಹತ್ತಿತ್ತು. ಅದರ ನೆರಳು ಆಗಲೇ ಬಿದ್ದಿದ್ದಿರಬೇಕು. ನಿಜವನ್ನು ತಿಳಿಯಲು ಪ್ಲಿನಿ, ಸಭೆಯ ಸೇವಕಿಯರೆನಿಸಿಕೊಂಡಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದನು. ಅತಿರೇಕದ ಮೂಢನಂಬಿಕೆಯ ಹೊರತು ತನಗೇನೂ ಕಾಣಲಿಲ್ಲವೆಂದು ಬರೆದನು. ಆ ದಾಸಿಯರ ಹೆಸರನ್ನು ಅವನು ಬರೆಯಲಿಲ್ಲ. ಆದರೆ ರೋಮಿನ ಸಮಾಜದಲ್ಲಿ ಬಡಿಸುವುದಕ್ಕಷ್ಟೇ ಸೇರಿದ ಹೆಣ್ಣುಗಳಿಗೆ ಈ ಪಂಕ್ತಿಯಲ್ಲಿ ಒಂದು ಪದವಿಯಿತ್ತೆಂಬುದು ಅವನ ಪತ್ರದಿಂದಲೇ ನಮಗೆ ತಿಳಿದಿದೆ.

ಸಭೆ ಬೆಳೆದಂತೆ ಊಟ ಬದಲಾಯಿತು. ರೋಮಿನಲ್ಲಿ ಬೋಧಿಸುತ್ತಿದ್ದ ಜಸ್ಟಿನ್ ಸುಮಾರು 155ರಲ್ಲಿ ಬರೆದ ವಿವರಣೆಯಲ್ಲಿ ಭಾನುವಾರದ ಕೂಟದ ವರ್ಣನೆಯಿದೆ. ವಾಚನ, ಉಪದೇಶ, ಪ್ರಾರ್ಥನೆ; ಬಳಿಕ ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ; ಬರಲಾರದವರಿಗೆ ಮನೆಗೇ ಒಯ್ದು ಕೊಡುವುದು; ಉಳ್ಳವರು ಕೊಟ್ಟ ಹಣದಿಂದ ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿರುವವರಿಗೂ ನೆರವು. ಹೊಟ್ಟೆ ತುಂಬುವ ಊಟ ಇಲ್ಲಿ ಕಾಣುವುದಿಲ್ಲ. ಅದು ವಿಧಿಯಾಗಿದೆ, ಹಸಿದವನ ಪಾಲು ದಾನವಾಗಿದೆ. ಯೂಫ್ರೆಟಿಸ್ ತೀರದ ದುರಾ-ಯೂರೋಪಸ್ ಎಂಬಲ್ಲಿ 1930ರ ದಶಕದ ಆರಂಭದಲ್ಲಿ ನಡೆದ ಉತ್ಖನನದಲ್ಲಿ ಮೂರನೆಯ ಶತಮಾನದ ಒಂದು ಕ್ರೈಸ್ತ ಸಭಾಗೃಹ ದೊರೆಯಿತು. ಅದು ಮೊದಲು ವಾಸದ ಮನೆ. ಎರಡು ಕೋಣೆಗಳ ನಡುವಣ ಗೋಡೆಯನ್ನು ಕೆಡವಿ ಒಂದು ಹಜಾರ ಮಾಡಿ, ಒಂದು ಕೊನೆಯಲ್ಲಿ ಜಗುಲಿ ಎತ್ತರಿಸಿದ್ದಾರೆ. ಸುತ್ತ ಕುಳಿತು ಉಣ್ಣುತ್ತಿದ್ದವರು ಒಂದೇ ಕಡೆಗೆ ಮುಖಮಾಡಿ ಕೇಳುವವರಾದರು.

ಆ ಹೊತ್ತಿಗೆ ಸಭೆಯಲ್ಲಿ ಅನ್ಯಜನರೇ ಬಹುಸಂಖ್ಯಾತರು. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟ ಮೇಲೆ ಅಲ್ಲಿಯ ಸಭೆಯ ಮಾತಿಗೆ ಹಿಂದಿನ ತೂಕ ಉಳಿಯಲಿಲ್ಲ. ಧರ್ಮಶಾಸ್ತ್ರವನ್ನೂ ಪಾಲಿಸುತ್ತ ಯೇಸುವನ್ನೂ ನಂಬುತ್ತಿದ್ದವರು ಕಾಲಕ್ರಮದಲ್ಲಿ ಪಾಷಂಡಿಗಳೆನಿಸಿಕೊಂಡರು. ನಾಲ್ಕನೆಯ ಶತಮಾನದ ಆದಿಯಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಕೂಡಿದ ಬಿಷಪ್ಪರ ಹೆಸರಿನಲ್ಲಿ ಬಂದಿರುವ ನಿಯಮಗಳಲ್ಲಿ ಒಂದು ಹೀಗಿದೆ: ಯೆಹೂದ್ಯರ ಜೊತೆ ಊಟಮಾಡಿದ ಕ್ರೈಸ್ತನನ್ನು ಪ್ರಭುಭೋಜನದಿಂದ ದೂರವಿಡಬೇಕು. ಅನ್ಯನಿಗೂ ಎಡೆ ಬೇಕೆಂದು ವಾದಿಸಿ ಬೆಳೆದ ಸಭೆ, ಯಾರ ಮನೆಯಲ್ಲಿ ತಾನು ಹುಟ್ಟಿತೋ ಅವರನ್ನೇ ಪಂಕ್ತಿಯಿಂದ ಎಬ್ಬಿಸಿತು. ಇದರ ಕಹಿಫಲವನ್ನು ಮುಂದಿನ ಶತಮಾನಗಳಲ್ಲಿ ಯೆಹೂದ್ಯರು ಯೂರೋಪಿನಲ್ಲಿ ಉಂಡರು.

ಸಿದ್ಧಾಂತಗಳ ಚರಿತ್ರೆಯನ್ನು ಓದುವವರು ಈ ಕಥೆ ಇಲ್ಲಿಗೆ ಮುಗಿಯಿತೆನ್ನಬಹುದು. ಆದರೆ ಇನ್ನೊಂದು ಸಾಕ್ಷ್ಯವಿದೆ. 386ರಲ್ಲಿ ಅಂತಿಯೋಕ್ಯದಲ್ಲಿಯೇ ಯೋಹಾನ ಕ್ರಿಸೊಸ್ತೊಮನೆಂಬ ವಾಗ್ಮಿ ಪಾದ್ರಿ ಉಗ್ರವಾದ ಉಪದೇಶಗಳ ಒಂದು ಮಾಲೆಯನ್ನು ಆರಂಭಿಸಿದನು. ಯೆಹೂದ್ಯರನ್ನು ಅವನು ನಿಂದಿಸಿದ ರೀತಿ ಇಂದು ಓದಿದರೂ ಮನಸ್ಸನ್ನು ಕಲಕುತ್ತದೆ. ಅವನ ಕೋಪಕ್ಕೆ ಕಾರಣವೇನು? ಅವನ ಸಭೆಯ ಜನ, ಗಂಡಸರೂ ಹೆಂಗಸರೂ, ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದರು, ಅವರ ಉಪವಾಸಗಳನ್ನು ಆಚರಿಸುತ್ತಿದ್ದರು. ಪೌಲನೂ ಪೇತ್ರನೂ ಜಗಳವಾಡಿ ಮುನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದಿತ್ತು, ನಿಯಮಗಳಾಗಿದ್ದವು, ಬಹಿಷ್ಕಾರಗಳಾಗಿದ್ದವು. ಅಂತಿಯೋಕ್ಯದ ಸಾಮಾನ್ಯ ಕ್ರೈಸ್ತರು ಮಾತ್ರ ಹಬ್ಬದ ದಿನ ನೆರೆಯವರ ಬಾಗಿಲಿಗೆ ಹೋಗುವುದನ್ನು ಇನ್ನೂ ಬಿಟ್ಟಿರಲಿಲ್ಲ. ಅವರು ಏನನ್ನೂ ಬರೆದಿಟ್ಟಿಲ್ಲ. ಬೋಧಕನು ಬೈದುದರಿಂದಷ್ಟೇ ನಮಗೆ ಅದು ಗೊತ್ತಾಗಿದೆ.