ಶ್ರೀಶೈಲದ ಮೆಟ್ಟಿಲುದಾರಿಗಳು: ಕರ್ತೃತ್ವ ಮತ್ತು ಕಾಲವನ್ನು ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಹೈದರಾಬಾದಿನ ನಾಂಪಲ್ಲಿಯಲ್ಲಿರುವ ಪಬ್ಲಿಕ್ ಗಾರ್ಡನ್ಸ್ ಆವರಣದ ರಾಜ್ಯ ಪುರಾತತ್ತ್ವ ಸಂಗ್ರಹಾಲಯಕ್ಕೆ ಸೇರಿದ ಏಲೇಶ್ವರಂ ಪೆವಿಲಿಯನ್ ಎಂಬ ಕಟ್ಟಡವಿದೆ. ನಾಗಾರ್ಜುನಸಾಗರ ಜಲಾಶಯದಲ್ಲಿ ಮುಳುಗಿದ ಏಲೇಶ್ವರದ ನೆನಪಿಗೆ ಆ ಹೆಸರು. ಅಲ್ಲಿಯ ಉತ್ಖನನದ ವರದಿಯನ್ನು ಅಬ್ದುಲ್ ವಹೀದ್ ಖಾನ್ 1963ರಲ್ಲಿ ಪ್ರಕಟಿಸಿದರು. ಶ್ರೀಶೈಲ ಕ್ಷೇತ್ರದ ಸಾಂಪ್ರದಾಯಿಕ ಎಂಟು ದ್ವಾರಗಳ ಪಟ್ಟಿಯಲ್ಲಿ ಏಲೇಶ್ವರ ಈಶಾನ್ಯ ದ್ವಾರ. ಎಂದರೆ, ಶ್ರೀಶೈಲದ ಸುತ್ತಣ ನಲ್ಲಮಲ ಕಾಡಿನ ಕಾಲುದಾರಿಗಳನ್ನು ಅಭ್ಯಾಸ ಮಾಡುವವರಿಗೆ ಆ ಎಂಟು ದ್ವಾರಗಳಲ್ಲಿ ಒಂದರ ಅವಶೇಷ ಕಾಡಿಗಿಂತ ಮೊದಲು ನಾಂಪಲ್ಲಿಯಲ್ಲೇ ಸಿಗುತ್ತದೆ.

ಶ್ರೀಶೈಲಕ್ಕೆ ಕಾಡಿನೊಳಗಿಂದ ಹೋಗುವ ಕಾಲುದಾರಿಗಳಲ್ಲಿ ಅಲ್ಲಲ್ಲಿ ಕಲ್ಲಿನ ಮೆಟ್ಟಿಲುಗಳಿವೆ. ಜನಪ್ರಿಯ ಬರಹಗಳು ಇವನ್ನೆಲ್ಲ ‘ರೆಡ್ಡಿ ರಾಜರು ಕಟ್ಟಿಸಿದ್ದು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತವೆ. ಲಭ್ಯ ಆಧಾರಗಳನ್ನು ದಿಕ್ಕಿಗೆ ತಕ್ಕಂತೆ ಬಿಡಿಸಿ ನೋಡಿದರೆ ಕನಿಷ್ಠ ಮೂರು ಕರ್ತೃತ್ವಗಳು, ಮೂರು ಬೇರೆ ಅರಸುಮನೆಗಳು ಕಾಣುತ್ತವೆ. ಇಷ್ಟನ್ನು ತೋರಿಸುವುದು ಈ ಟಿಪ್ಪಣಿಯ ಉದ್ದೇಶ. ಮೆಟ್ಟಿಲುಗಳ ಶಿಲ್ಪಶೈಲಿಯ ಚರ್ಚೆಗೆ ಇಲ್ಲಿ ಕೈಹಾಕಿಲ್ಲ.

2. ದ್ವಾರಗಳ ಪಟ್ಟಿ

ರೂಢಿಯ ಪಟ್ಟಿಯಂತೆ ಮಹಾದ್ವಾರಗಳು ನಾಲ್ಕು: ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಅಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಉಪದ್ವಾರಗಳು ಈಶಾನ್ಯದ ಏಲೇಶ್ವರ, ಆಗ್ನೇಯದ ಸೋಮಶಿಲ, ನೈರುತ್ಯದ ಪುಷ್ಪಗಿರಿ, ವಾಯವ್ಯದ ಸಂಗಮೇಶ್ವರ.

ಈ ಪಟ್ಟಿಯನ್ನು ನಕ್ಷೆಗೆ ಇಳಿಸುವಾಗ ಒಂದು ಎಚ್ಚರ ಬೇಕು. ಸೋಮಶಿಲ ಎಂಬ ಹೆಸರಿನ ಊರು ಎರಡು. ಒಂದು ಪೆನ್ನಾ ನದಿಯ ದಂಡೆಯಲ್ಲಿ, ನೆಲ್ಲೂರು ಸೀಮೆಯದು. ಇನ್ನೊಂದು ಕೃಷ್ಣೆಯ ದಂಡೆಯಲ್ಲಿ, ಕೊಲ್ಲಾಪುರದ ಬಳಿಯದು. ಎರಡನೆಯದು ಶ್ರೀಶೈಲಕ್ಕೆ ಪಶ್ಚಿಮದ ಕಡೆಗಿರುವುದರಿಂದ ಪಟ್ಟಿಯ ಆಗ್ನೇಯ ದ್ವಾರ ಪೆನ್ನಾ ದಂಡೆಯದೇ ಆಗಿರಬೇಕು. ಹೈದರಾಬಾದಿನಿಂದ ಹೋಗುವವರಿಗೆ ಕೃಷ್ಣೆಯ ಸೋಮಶಿಲವೇ ಹತ್ತಿರದ್ದು, ಪರಿಚಿತವಾದದ್ದು. ಗೊಂದಲ ಹುಟ್ಟುವುದು ಅಲ್ಲಿಂದ.

ಎಂಟರಲ್ಲಿ ಏಲೇಶ್ವರ ನಾಗಾರ್ಜುನಸಾಗರದ ಪಾಲಾಯಿತು. ಸಂಗಮೇಶ್ವರ ಶ್ರೀಶೈಲ ಜಲಾಶಯದಲ್ಲಿ ಮುಳುಗಿ, ಬೇಸಿಗೆಯ ಹೊತ್ತಿಗೆ ನೀರು ಇಳಿದಾಗ ಮಾತ್ರ ಹೊರಗೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಈ ಎರಡು ಕಡೆಯ ದಾರಿಗಳ ಆರಂಭದ ತುದಿಯನ್ನು ನೆಲದ ಮೇಲೆ ಪರಿಶೀಲಿಸುವುದು ಇಂದು ಭಾಗಶಃ ಮಾತ್ರ ಸಾಧ್ಯ.

3. ಉತ್ತರದ ದಾರಿ

ಹೈದರಾಬಾದಿನವರು ಇಂದು ಬಳಸುವುದು ಡಿಂಡಿ, ಮನ್ನನೂರು, ವಟವರ್ಲಪಲ್ಲಿ, ದೋಮಲಪೆಂಟ ಮೂಲಕ ಸಾಗುವ 765ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ಇದರ ಕಾಡಿನ ಭಾಗ ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶದಲ್ಲಿದ್ದು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ಮುಚ್ಚಿರುತ್ತದೆ. 2014ರ ರಾಜ್ಯ ವಿಭಜನೆಗೆ ಮೊದಲು ಇದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶದ ಉತ್ತರಭಾಗವಾಗಿತ್ತು.

ಹೆದ್ದಾರಿಯ ಆಚೀಚೆ ಹಲವು ಕಾಲಮಾನದ ಅವಶೇಷಗಳು ಒತ್ತೊತ್ತಾಗಿವೆ. ಕಾಕತೀಯ ಪ್ರತಾಪರುದ್ರನ ಹೆಸರಿನ ಬೆಟ್ಟದ ಕೋಟೆಯೂ ಫರಹಾಬಾದಿನಲ್ಲಿ ನಿಜಾಮರ ಕಾಲದ ಶಿಕಾರಿ ಬಂಗಲೆಯ ಅವಶೇಷವೂ ಇರುವುದು ಇಲ್ಲೇ. ಮಲ್ಲೆಲ ತೀರ್ಥದ ಜಲಪಾತಕ್ಕೆ ಇಳಿಯುವ ಸುಮಾರು 350 ಮೆಟ್ಟಿಲುಗಳು ಪ್ರವಾಸಿಗರಿಗಾಗಿ ಈಚೆಗೆ ಕಟ್ಟಿದವು. ಪ್ರಸ್ತುತ ಚರ್ಚೆಯ ಲೆಕ್ಕಕ್ಕೆ ಅವು ಬರುವುದಿಲ್ಲ. ಸಲೇಶ್ವರಂ ಜಲಪಾತದ ವಿಷಯ ಬೇರೆ. ಆ ಕಣಿವೆಯಲ್ಲಿ ಲಿಂಗಮಯ್ಯನ ಗುಹಾಲಯವಿದೆ. ಚೈತ್ರ ಹುಣ್ಣಿಮೆಯ ಆಸುಪಾಸಿನ ಕೆಲವೇ ದಿನ ಜಾತ್ರೆಗೆಂದು ಅರಣ್ಯ ಇಲಾಖೆ ದಾರಿ ಬಿಡುತ್ತದೆ, ಕೊನೆಯ ಭಾಗವನ್ನು ಎಲ್ಲರೂ ನಡೆದೇ ಇಳಿಯಬೇಕು. ಜಾತ್ರೆಯಲ್ಲಿ ಈ ಕಾಡಿನ ಬುಡಕಟ್ಟಿನವರಾದ ಚೆಂಚುಗಳದೇ ಪೂಜೆಯ ಹಕ್ಕು. ಇದನ್ನು ಶ್ರೀಶೈಲದ ಯಾತ್ರಾದಾರಿಯ ಕೊಂಡಿ ಎಂದು ಕರೆಯುವ ರೂಢಿಯಿದ್ದರೂ, ಸ್ವತಂತ್ರವಾದ ಚೆಂಚು ನೆಲೆ ಎಂದು ಗ್ರಹಿಸುವುದು ಹೆಚ್ಚು ಸೂಕ್ತವೆಂದು ತೋರುತ್ತದೆ.

ಉತ್ತರದ ದಿಕ್ಕಿನಲ್ಲಿ ಪ್ರಾಚೀನ ಮೆಟ್ಟಿಲುಗಳಿಗೆ ನಿಲ್ಲುವಂಥ ಆಧಾರ ಇರುವುದು ಅಚ್ಚಂಪೇಟೆಯ ಬಳಿಯ ಉಮಾಮಹೇಶ್ವರಂನಲ್ಲಿ. ಬೆಟ್ಟದ ಬುಡದಿಂದ ಗುಡಿಯವರೆಗಿನ ಸೋಪಾನವನ್ನು ರೇಚೆರ್ಲ ವಂಶದ ಮಾಧವನಾಯಕ ಕಟ್ಟಿಸಿದ. ಕಾಲ 14ನೇ ಶತಮಾನದ ಮೂರನೆಯ ಅಥವಾ ಕೊನೆಯ ಪಾದ. ರೇಚೆರ್ಲದವರು ರಾಚಕೊಂಡ, ದೇವರಕೊಂಡಗಳ ವೆಲಮ ಅರಸರು, ಕೊಂಡವೀಡಿನ ರೆಡ್ಡಿಗಳ ಎದುರಾಳಿಗಳು. ಹೀಗಾಗಿ ‘ರೆಡ್ಡಿ ರಾಜರ ಮೆಟ್ಟಿಲು’ ಎಂಬ ಮಾತು ಉತ್ತರದ್ವಾರದ ಮಟ್ಟಿಗಂತೂ ನಿಲ್ಲುವುದಿಲ್ಲ.

4. ಪಶ್ಚಿಮದ ದಾರಿ

ಕನ್ನಡನಾಡಿಗೆ ಸಂಬಂಧಿಸಿದ್ದು ಮುಖ್ಯವಾಗಿ ಇದು. ಆತ್ಮಕೂರು, ವೆಂಕಟಾಪುರಂ, ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು (ಕನ್ನಡ ಯಾತ್ರಿಕರ ಬಾಯಲ್ಲಿ ಭೀಮನಕೊಳ್ಳ), ಕೈಲಾಸದ್ವಾರ, ಹಾಟಕೇಶ್ವರ, ಶ್ರೀಶೈಲ ಎಂಬುದು ನಿಲುಗಡೆಗಳ ಕ್ರಮ. ನಾಗಲೂಟಿಯಲ್ಲಿ ವೀರಭದ್ರನ ಗುಡಿಯಿದೆ. ಆವರಣ ಬಹುಮಟ್ಟಿಗೆ ಹಾಳುಬಿದ್ದಿದೆ. ಭೀಮನಕೊಳ್ಳದಲ್ಲಿ ದಾರಿ ಕಡಿದಾದ ಕಣಿವೆಗೆ ಇಳಿದು, ಹಳ್ಳ ದಾಟಿ, ಎದುರು ದಡದ ಮೆಟ್ಟಿಲೇರಿ ಕೈಲಾಸದ್ವಾರಕ್ಕೆ ಮುಟ್ಟುತ್ತದೆ. ಇಡೀ ದಾರಿಯಲ್ಲಿ ಅತ್ಯಂತ ಕಷ್ಟದ ಭಾಗ ಇದೇ. ಮೆಟ್ಟಿಲು ಕಟ್ಟಿಸಬೇಕಾದ ಅಗತ್ಯ ಎಲ್ಲಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಕರ್ತೃತ್ವದ ಪ್ರಶ್ನೆಗೆ ಬಂದರೆ, ಪ್ರೋಲಯ ವೇಮರೆಡ್ಡಿ (ಆಳ್ವಿಕೆ ಸುಮಾರು 1325–1353) ಶ್ರೀಪರ್ವತಕ್ಕೂ (ಅಂದರೆ ಶ್ರೀಶೈಲಕ್ಕೂ) ಅಹೋಬಲಕ್ಕೂ ಸೋಪಾನ ಕಟ್ಟಿಸಿದನೆಂಬ ಮಾತು ರೆಡ್ಡಿ ಅರಸರ ಪ್ರಶಸ್ತಿಗಳಲ್ಲಿ ಬರುತ್ತದೆ. ಈ ಕಾರ್ಯವನ್ನು ಸಂಶಯಿಸಲು ಕಾರಣವಿಲ್ಲ. ಆದರೆ ‘ಶ್ರೀಪರ್ವತಕ್ಕೆ ಸೋಪಾನ’ ಎಂಬ ಉಕ್ತಿಯಿಂದ ದಿಕ್ಕು ತಿಳಿಯದು. ಅವನ ರಾಜಧಾನಿ ಅದ್ದಂಕಿ ಶ್ರೀಶೈಲಕ್ಕೆ ಪೂರ್ವದಲ್ಲಿದೆ. ಅಲ್ಲಿಂದ ಬರುವವರಿಗೆ ಸಹಜವಾದ ದ್ವಾರ ತ್ರಿಪುರಾಂತಕ. ಹಾಗಿರುವಾಗ ನಾಗಲೂಟಿ–ಭೀಮನಕೊಳ್ಳದ ಮೆಟ್ಟಿಲುಗಳನ್ನು ಅವನಿಗೆ ಸಲ್ಲಿಸುವುದು ಸಂಪ್ರದಾಯದ ಬಲದ ಮೇಲೆಯೇ ಹೊರತು ಪ್ರಶಸ್ತಿಯ ಬಲದ ಮೇಲಲ್ಲ. ಅಹೋಬಲವೂ ಅದೇ ಪ್ರಶಸ್ತಿಯಲ್ಲಿರುವುದರಿಂದ ಅವನ ಕೈ ನಲ್ಲಮಲದ ಪಶ್ಚಿಮ ಅಂಚಿನವರೆಗೆ ಚಾಚಿತ್ತು ಎಂಬ ವಾದಕ್ಕೂ ಎಡೆಯಿದೆ. ಸದ್ಯಕ್ಕೆ ‘ಸಂಭಾವ್ಯ’ ಎಂಬಲ್ಲಿಗೆ ನಿಲ್ಲಿಸುವುದು ಲೇಸು.

ದಾರಿಯ ಬಳಕೆಗೆ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾಗಿದೆ. ಪಾಲ್ಕುರಿಕಿ ಸೋಮನಾಥನ ತೆಲುಗು ಪಂಡಿತಾರಾಧ್ಯ ಚರಿತ್ರದ ಪರ್ವತ ಪ್ರಕರಣ ಶ್ರೀಶೈಲ ಯಾತ್ರಿಕರ ವರ್ಣನೆಗೇ ಮೀಸಲಾಗಿದೆ. ಅದು ಕಾವ್ಯವಾದ್ದರಿಂದ ದಾರಿಯ ನಿಲುಗಡೆಗಳಿಗೆ ಅದನ್ನು ನೆಚ್ಚುವುದು ಕಷ್ಟ. ಕಾಲಿನ್ ಮೆಕೆಂಜಿಯ 1794ರ ದಿನಚರಿಯ ಭಾಗ ಏಷಿಯಾಟಿಕ್ ರಿಸರ್ಚಸ್‌ನ 5ನೇ ಸಂಪುಟದಲ್ಲಿ ಅಚ್ಚಾಗಿದೆ. ಅದರ ಬಹುಪಾಲು ಗುಡಿ ಮತ್ತು ಪ್ರಾಕಾರದ ಶಿಲ್ಪಗಳ ವಿವರ. ದಾರಿಯ ಮಟ್ಟಿಗೆ ಹೆಚ್ಚು ಉಪಯುಕ್ತವಾದದ್ದು ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿಯ ಕಾಶೀಯಾತ್ರಾ ಚರಿತ್ರ. 1830ರ ಮೇ ತಿಂಗಳಲ್ಲಿ ಹೊರಟ ಆತ ಆತ್ಮಕೂರಿನಿಂದ ನಾಗಲೂಟಿ, ಪೆದ್ದಚೆರುವುಗಳ ಮೂಲಕ ಶ್ರೀಶೈಲ ಸೇರಿದ. ಆಗ ಆ ಸೀಮೆ ಕಂದನೂರು, ಅಂದರೆ ಕರ್ನೂಲು ನವಾಬನದು. ಯಾತ್ರಿಕರಿಂದ ಸುಂಕ ವಸೂಲಾಗುತ್ತಿತ್ತು. ಗಮನಿಸಬೇಕಾದದ್ದು ಮುಂದಿನ ಪಯಣ. ವೀರಾಸ್ವಾಮಿ ಹೋಗಬೇಕಾದದ್ದು ಹೈದರಾಬಾದಿಗೆ. ಆದರೂ ಉತ್ತರದ ಕಾಡು ಹಿಡಿಯದೆ ಆತ್ಮಕೂರಿಗೆ ಮರಳಿ, ಕೃಷ್ಣೆ ದಾಟಿ, ಪಾನಗಲ್ಲು ಮತ್ತು ವನಪರ್ತಿಯ ಕಡೆಯಿಂದ ಸುತ್ತಿ ಹೋದ. ಒಬ್ಬ ಪ್ರಯಾಣಿಕನ ಆಯ್ಕೆಯಿಂದ ಸಾಮಾನ್ಯ ನಿಯಮ ಕಟ್ಟಲಾಗದು. ಪಲ್ಲಕ್ಕಿ, ಬೋಯಿಗಳೊಡನೆ ಹೊರಟ ದೊಡ್ಡ ಪರಿವಾರಕ್ಕೆ ಉತ್ತರದ ದಾರಿ ಒಗ್ಗುತ್ತಿರಲಿಲ್ಲ ಎಂದಷ್ಟೇ ಹೇಳಬಹುದು.

ಇಂದಿಗೂ ಯುಗಾದಿಗೆ ಮೊದಲಿನ ವಾರಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯ ಪಾದಯಾತ್ರಿಕರು ಈ ದಾರಿಯನ್ನೇ ತುಳಿಯುತ್ತಾರೆ. ಮುಂದೆ ಮಲ್ಲಯ್ಯನ ಕಂಬಿ, ಹೆಗಲ ಗಂಟಿನಲ್ಲಿ ಕಟಕರೊಟ್ಟಿ ಮತ್ತು ಶೇಂಗಾಚಟ್ನಿ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಭ್ರಮರಾಂಬೆ ಇವರಿಗೆ ಮನೆಮಗಳು. ತವರಿನ ಕಡೆಯಿಂದ ಒಯ್ಯುವಂತೆ ಸೀರೆ, ಅರಿಸಿನ-ಕುಂಕುಮ ಒಯ್ಯುತ್ತಾರೆ. ದಾರಿ ಅಳಿಯದೆ ಉಳಿದದ್ದು ಯಾವುದೇ ಇಲಾಖೆಯ ಸಂರಕ್ಷಣೆಗಿಂತ ಹೆಚ್ಚಾಗಿ ಈ ವಾರ್ಷಿಕ ನಡಿಗೆಯಿಂದ ಎಂಬುದು ಈ ಲೇಖಕನ ಅಭಿಪ್ರಾಯ. ಇದಕ್ಕೆ ಅಳತೆಯ ಆಧಾರ ಕೊಡುವುದು ಸಾಧ್ಯವಿಲ್ಲ.

5. ನದಿಯ ಕಡೆಯ ಮೆಟ್ಟಿಲು ಮತ್ತು ಶಕವರ್ಷದ ಪ್ರಶ್ನೆ

ಶ್ರೀಶೈಲದಿಂದ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳ ಕರ್ತೃ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠ್ಠಲಾಂಬೆ. ಕಾಲ ಶಕ 1315, ಶ್ರೀಮುಖ ಸಂವತ್ಸರ, ಅಂದರೆ ಸಾ.ಶ. 1393–94. ಮೂರರಲ್ಲಿ ಕರ್ತೃ, ಸ್ಥಳ, ಕಾಲ ಮೂರೂ ಒಟ್ಟಿಗೆ ಸ್ಪಷ್ಟವಾಗಿರುವುದು ಇದೊಂದೇ. ಪ್ರೋಲಯ ವೇಮನ ಆಳ್ವಿಕೆಯ ಆರಂಭದಿಂದ ಇಲ್ಲಿಗೆ ಎಪ್ಪತ್ತು ವರ್ಷಕ್ಕೆ ಸ್ವಲ್ಪ ಕಡಿಮೆ. ಇದೇ ಅವಧಿಯಲ್ಲಿ, ಶಕ 1299 ಪಿಂಗಳ ಸಂವತ್ಸರದಲ್ಲಿ (1377–78), ವೇಮನ ಮಗ ಅನವೇಮರೆಡ್ಡಿ ಕ್ಷೇತ್ರದಲ್ಲಿ ವೀರಶಿರೋಮಂಡಪ ಕಟ್ಟಿಸಿದ. ಒಂದೇ ಕ್ಷೇತ್ರದ ಸುತ್ತ ಮೂರು ಅರಸುಮನೆಗಳ ಪೈಪೋಟಿ ಕಲ್ಲಿನ ರೂಪ ತಾಳಿತೆಂದು ಊಹಿಸಬಹುದು. ಆದರೆ ಭಕ್ತಿಯನ್ನೂ ರಾಜಕೀಯವನ್ನೂ ಬೇರ್ಪಡಿಸಿ ತೂಗಲು ಈ ದಾಖಲೆಗಳು ಸಾಲವು.

ಶ್ರೀಶೈಲದ ಗುಡಿಗೆ ಇಮ್ಮಡಿ ಹರಿಹರ ಕಟ್ಟಿಸಿದ ಮುಖಮಂಟಪದ ಕಾಲವನ್ನು ಕೆಲವು ಬರಹಗಳು 1404 ಎಂದೂ ಕೆಲವು 1405 ಎಂದೂ ಕೊಡುತ್ತವೆ. ಅದಕ್ಕೆ ಹೇಳುವ ಶಕ 1326 ತಾರಣ ಸಂವತ್ಸರ 1404ರ ಮಾರ್ಚಿನಲ್ಲಿ ಮೊದಲಾಗಿ 1405ರ ಮಾರ್ಚಿನಲ್ಲಿ ಮುಗಿಯುತ್ತದೆ. ಮಾಸ, ತಿಥಿ ಹಿಡಿಯದೆ ಬರಿಯ ಶಕವರ್ಷಕ್ಕೆ 78 ಅಥವಾ 79 ಕೂಡಿಸಿದರೆ ಎರಡೂ ಬರುತ್ತವೆ. ಹರಿಹರ ತೀರಿಕೊಂಡದ್ದು ಅದೇ ತಾರಣ ಸಂವತ್ಸರದ ಭಾದ್ರಪದದಲ್ಲಿ, 1404ರ ಆಗಸ್ಟ್ ಕೊನೆಗೆ ಎಂಬುದಕ್ಕೆ ಶ್ರವಣಬೆಳಗೊಳದ ಶಾಸನವಿದೆ. ಹಾಗಾಗಿ 1405 ಎಂದು ಬರೆಯುವವರು ಕಟ್ಟಡ ಅರಸನ ಮರಣಾನಂತರದ್ದೆಂದು ತಿಳಿಯದೆಯೇ ಒಪ್ಪಿಕೊಂಡಂತಾಗುತ್ತದೆ.

ಪಾತಾಳಗಂಗೆಯ ಮೆಟ್ಟಿಲುಗಳ ಸಂಖ್ಯೆಯಲ್ಲೂ ಕೈಪಿಡಿಗಳು ಹೊಂದುವುದಿಲ್ಲ. 1980ರ ದಶಕದಿಂದ ಅದರ ಕೆಳಭಾಗ ಜಲಾಶಯದಲ್ಲಿದೆ. ಜಲಾಶಯದ ಪೂರ್ಣಮಟ್ಟ 885 ಅಡಿ. ಎಣಿಸಿದ ತಿಂಗಳು ಯಾವುದು, ಅಂದಿನ ನೀರಿನ ಮಟ್ಟ ಎಷ್ಟು ಎಂಬುದನ್ನು ಜೊತೆಗೆ ಕೊಡದ ಯಾವ ಎಣಿಕೆಯನ್ನೂ ಹೋಲಿಕೆಗೆ ಬಳಸಬಾರದು.

6. ಕದಳಿ

ಪಾತಾಳಗಂಗೆಯಿಂದ ದೋಣಿಯಲ್ಲಿ ಹೋಗಿ ನೋಡುವ ಅಕ್ಕಮಹಾದೇವಿ ಗುಹೆಗಳು ಇಂದು ತೆಲಂಗಾಣದ ನಾಗರ್‌ಕರ್ನೂಲ್ ಜಿಲ್ಲೆಗೆ ಸೇರಿವೆ. ಗುಹೆಗಳ ಎದುರಿಗೆ ಪ್ರಕೃತಿಯೇ ಕೊರೆದ ಬಂಡೆಯ ಕಮಾನಿದೆ. ಒಳಗೆ ಲಿಂಗವಿರುವ ಎಡೆಗೆ ಇಕ್ಕಟ್ಟಾದ ಸಂದಿಯಲ್ಲಿ ಮೈ ಓರೆಮಾಡಿ ಸಾಗಬೇಕು. 12ನೇ ಶತಮಾನದ ಅಕ್ಕ ಶ್ರೀಶೈಲಕ್ಕೆ ಬಂದಳೆಂಬುದನ್ನು ಕವಿ ಹರಿಹರನ ರಗಳೆಯೂ ಶೂನ್ಯಸಂಪಾದನೆಗಳೂ ಹೇಳುತ್ತವೆ. ಈ ಗುಹೆಯೇ ಅವಳದು ಎಂಬ ಗುರುತು ನಿಂತಿರುವುದು ಸಂಪ್ರದಾಯದ ಮೇಲೆ. ಶೂನ್ಯಸಂಪಾದನೆಯಲ್ಲಿ ಅಕ್ಕ ಸೇರುವ ಕದಳಿ ಸ್ಥಳವೂ ಹೌದು, ಸಾಧನೆಯ ಒಂದು ನೆಲೆಯೂ ಹೌದು. ಆದ್ದರಿಂದ ಅದರಿಂದ ದಿಕ್ಕು, ದೂರಗಳನ್ನು ಲೆಕ್ಕಹಾಕುವ ಪ್ರಯತ್ನಗಳು ಫಲಕಾರಿಯಾಗಲಾರವು. ಜಲಾಶಯಕ್ಕೆ ಮೊದಲು ನದಿಯ ಅಂಚಿನಲ್ಲೇ ನಡೆದು ಬರುವ ದಾರಿ ಇದ್ದಿದ್ದರೆ ಅದು ಈಗ ನೀರಿನಡಿ. ಉಡುತಡಿಯಿಂದ ಕಲ್ಯಾಣ, ಕಲ್ಯಾಣದಿಂದ ಶ್ರೀಶೈಲ ಎಂಬ ಕಥನಕ್ರಮವನ್ನು ಒಪ್ಪುವುದಾದರೆ ಅಕ್ಕ ಬಂದದ್ದು ವಾಯವ್ಯದ ಕಡೆಯಿಂದ, ಮತ್ತು ಈ ಟಿಪ್ಪಣಿಯಲ್ಲಿ ಚರ್ಚಿಸಿದ ಮೂರು ಸೋಪಾನಗಳೂ ಕಟ್ಟುವುದಕ್ಕೆ ಒಂದೂವರೆ ಶತಮಾನಕ್ಕೂ ಮೊದಲು.